ಬೆಳಕಿನಲ್ಲಿ ಬರೆದ ನಾದ

ಚಲನಚಿತ್ರದ ರೀಲೊಂದನ್ನು ಬಿಚ್ಚಿ ಬೆಳಕಿಗೆ ಹಿಡಿದವರಿಗೆ, ಚಿತ್ರಗಳ ಸಾಲಿಗೂ ಅಂಚಿನ ರಂಧ್ರಗಳ ಸಾಲಿಗೂ ನಡುವೆ, ಕರಿಯ ಹಿನ್ನೆಲೆಯ ಮೇಲೆ ಪಾರದರ್ಶಕವಾದ ರೇಖೆಯೊಂದು ಒಮ್ಮೆ ಹಿಗ್ಗುತ್ತ ಒಮ್ಮೆ ಕುಗ್ಗುತ್ತ ರೀಲಿನ ಉದ್ದಕ್ಕೂ ಸಾಗಿರುವುದು ಕಾಣುತ್ತದೆ. ಸುಮಾರು 2.5 ಮಿಲಿಮೀಟರು ಅಗಲದ ಆ ಪಟ್ಟಿಯಲ್ಲಿಯೇ ಚಿತ್ರದ ಮಾತು, ಹಾಡು, ಹೆಜ್ಜೆಯ ಸಪ್ಪಳ, ಮಳೆಯ ಸದ್ದು, ಎರಡು ಮಾತುಗಳ ನಡುವಣ ಮೌನ ಎಲ್ಲವೂ ಅಡಗಿವೆ. ಇದಕ್ಕೆ ಧ್ವನಿಪಥವೆಂದು ಹೆಸರು. ಗ್ರಾಮಫೋನಿನಲ್ಲಿ ಸೂಜಿಯು ಪ್ಲೇಟಿನ ಗೀರನ್ನು ಉಜ್ಜಿ ನಾದವನ್ನೆಬ್ಬಿಸಿದರೆ, ಇಲ್ಲಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಪ್ರೊಜೆಕ್ಟರಿನ ಒಳಗಣ ಪುಟ್ಟ ದೀಪವೊಂದರ ಬೆಳಕು ಕೂದಲೆಳೆಯಷ್ಟು ಸಪುರವಾದ ಸೀಳಿನಿಂದ ಹೊರಟು ಆ ಪಟ್ಟಿಯನ್ನು ಹಾಯ್ದು, ಪಾರದರ್ಶಕ ಭಾಗ ಹಿಗ್ಗಿದಲ್ಲಿ ಹೆಚ್ಚಾಗಿಯೂ ಕುಗ್ಗಿದಲ್ಲಿ ಕಡಿಮೆಯಾಗಿಯೂ ಆಚೆಗಿರುವ ದ್ಯುತಿಕೋಶದ ಮೇಲೆ ಬಿದ್ದು, ಅಲ್ಲಿ ಅದೇ ಏರಿಳಿತದ ವಿದ್ಯುತ್ತಾಗಿ, ಆ ವಿದ್ಯುತ್ತು ವರ್ಧಕದಲ್ಲಿ ಬಲಗೊಂಡು, ಸ್ಪೀಕರಿನಲ್ಲಿ ಮತ್ತೆ ಗಾಳಿಯ ಕಂಪನವಾಗುತ್ತದೆ. ಹಾಡಿದವರ ಉಸಿರು ಬೆಳಕಾಗಿ ಬರೆಯಲ್ಪಟ್ಟು, ಬೆಳಕಿನಿಂದಲೇ ಓದಲ್ಪಟ್ಟು, ಮತ್ತೆ ಉಸಿರಾಗುವ ಈ ಪರಿವರ್ತನೆಯು ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರದ ಅತ್ಯಂತ ಸೊಗಸಾದ ಸಾಧನೆಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ಹಳೆಯ ಚಿತ್ರಗಳು ಡಿವಿಡಿಗಳಾಗಿ, ಬ್ಲೂರೇ ತಟ್ಟೆಗಳಾಗಿ ನವೀಕರಣಗೊಂಡು ಮನೆಗೆ ಬರುವ ಈ ಕಾಲದಲ್ಲಿ, ಚಿತ್ರದ ಕಲೆಗಳು ಹೋದವೇ, ಬಣ್ಣ ಉಳಿಯಿತೇ ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಧ್ವನಿಯು ಮೂಲದ ಧ್ವನಿಯೇ ಎಂದು ಕೇಳುವವರು ವಿರಳ. ಗದಗ ಸೀಮೆಯವನಾದ ನನಗೆ ಈ ಔದಾಸೀನ್ಯವು ಸಹಜವಾಗಿ ತೋರುವುದಿಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ತಾವು ಅಂಧರಾಗಿದ್ದು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಟ್ಟಲೆ ಅಂಧ ಬಾಲಕರಿಗೆ ಸ್ವರವಿದ್ಯೆಯನ್ನು ಧಾರೆಯೆರೆದ ನಾಡಿದು. ದೃಷ್ಟಿಯಿಲ್ಲದವನಿಗೆ ಚಲನಚಿತ್ರವೆಂದರೆ ಅದರ ಧ್ವನಿಪಥವೇ. ಅದನ್ನು ಬದಲಿಸಿ ಕೊಟ್ಟರೆ ಅವನಿಗೆ ಕೊಟ್ಟದ್ದು ಬೇರೊಂದು ಚಿತ್ರ. ಆದುದರಿಂದ ಈ ಅಧ್ಯಾಯದಲ್ಲಿ ಆ 2.5 ಮಿಲಿಮೀಟರಿನ ಪಟ್ಟಿ ಹೇಗೆ ಕೆಡುತ್ತದೆ, ಹೇಗೆ ಮತ್ತೆ ಸ್ವಸ್ಥವಾಗುತ್ತದೆ, ಸ್ವಸ್ಥಗೊಳಿಸುವ ಹೆಸರಿನಲ್ಲಿ ಎಲ್ಲೆಲ್ಲಿ ಅದಕ್ಕೆ ಹೊಸ ಗಾಯವಾಗುತ್ತದೆ ಎಂಬುದನ್ನು ಕೊಂಚ ವಿಸ್ತಾರವಾಗಿಯೇ ನೋಡೋಣ.

ಮೊದಲು ಅಳತೆಗಳನ್ನು ತಿಳಿಯಬೇಕು. 35 ಮಿಲಿಮೀಟರು ಫಿಲ್ಮಿನಲ್ಲಿ ಒಂದು ಚೌಕಟ್ಟಿನ ಎತ್ತರ 19 ಮಿಲಿಮೀಟರು. ಸೆಕೆಂಡಿಗೆ 24 ಚೌಕಟ್ಟುಗಳು ಸಾಗುವುದರಿಂದ, ಒಂದು ಸೆಕೆಂಡಿನ ಧ್ವನಿಗೆ ದೊರೆಯುವ ಜಾಗ 456 ಮಿಲಿಮೀಟರು. ಎರಡೂವರೆ ಗಂಟೆಯ ಚಿತ್ರವೊಂದರ ಧ್ವನಿಪಥದ ಉದ್ದ 4 ಕಿಲೋಮೀಟರಿಗೂ ಮಿಕ್ಕುತ್ತದೆ. ಈ ವೇಗದಲ್ಲಿ 100 ಹರ್ಟ್ಸಿನ ತಗ್ಗು ನಾದವೊಂದರ ಪ್ರತಿಯೊಂದು ಅಲೆಯೂ ಫಿಲ್ಮಿನ ಮೇಲೆ ಸುಮಾರು ನಾಲ್ಕೂವರೆ ಮಿಲಿಮೀಟರು ಉದ್ದವಾಗಿ, ಆರಾಮವಾಗಿ ಮೈಚಾಚಿ ಮಲಗಿರುತ್ತದೆ. ಆದರೆ ನಾವು ‘ಸ’ಕಾರ ‘ಶ’ಕಾರಗಳನ್ನು ಉಚ್ಚರಿಸುವಾಗ ಹೊಮ್ಮುವ 6000 ಹರ್ಟ್ಸಿನ ಆಸುಪಾಸಿನ ಅಲೆಗಳಿಗೆ ದೊರೆಯುವ ಎಡೆ 0.076 ಮಿಲಿಮೀಟರು ಮಾತ್ರ. 8000 ಹರ್ಟ್ಸಿಗೆ ಬಂದರೆ ಅದು 0.057 ಮಿಲಿಮೀಟರಿಗೆ ಇಳಿಯುತ್ತದೆ. ಇದು ಮನುಷ್ಯನ ತಲೆಗೂದಲಿನ ದಪ್ಪ. ಗಾಳಿಯಲ್ಲಿ ತೇಲಾಡುವ ಧೂಳಿನ ಕಣವೂ ಸುಮಾರು ಇದೇ ಗಾತ್ರದ್ದು. ವ್ಯಂಜನಗಳ ಸ್ಪಷ್ಟತೆಯನ್ನು ಹೊತ್ತ ಅಲೆಗಳೂ ಧ್ವನಿಯನ್ನು ಕೆಡಿಸುವ ಕಸವೂ ಒಂದೇ ಅಳತೆಯವಾಗಿ ಒಂದೇ ಪಟ್ಟಿಯಲ್ಲಿ ಕೂಡಿಕೊಂಡಿರುವುದೇ ಈ ವಿದ್ಯೆಯ ಮೂಲಭೂತವಾದ ಕಷ್ಟ. ಮುಂದೆ ಹೇಳುವ ಹಲವು ತೊಡಕುಗಳು ಇದರಿಂದಲೇ ಹುಟ್ಟುತ್ತವೆ.

ಫಿಲ್ಮು ಹೊಸದಾಗಿರುವಾಗ ಕಸ ಕಡಿಮೆ. ಆದರೆ ಪ್ರಿಂಟುಗಳು ಹೊಸದಾಗಿಯೇ ಉಳಿಯುವುದಕ್ಕೆ ಹುಟ್ಟಿದವಲ್ಲ. ಬೆಂಗಳೂರಿನಲ್ಲಿ ಓಡಿ, ಹುಬ್ಬಳ್ಳಿಯಲ್ಲಿ ಓಡಿ, ಗದಗ ಲಕ್ಷ್ಮೇಶ್ವರಗಳ ಟಾಕೀಸುಗಳಲ್ಲಿ ಓಡಿ, ಕಟ್ಟಕಡೆಗೆ ಜಾತ್ರೆಯ ಬಯಲುಗಳಲ್ಲಿ ತಗಡು ತಾಡಪಾಲುಗಳ ನಡುವೆ ನೆಲೆಯೂರಿದ ಟೂರಿಂಗ್ ಟಾಕೀಸಿಗೆ ಬರುವ ವೇಳೆಗೆ, ಚಿತ್ರದ ಡಬ್ಬಗಳಲ್ಲಿ ಇರುತ್ತಿದ್ದುದು ನೂರಾರು ಸಲ ಹಲ್ಲುಗಾಲಿಗಳ ಬಾಯಿಗೆ ಸಿಕ್ಕಿ ದಣಿದ ಪ್ರಿಂಟು. ಶಿರಹಟ್ಟಿ ಸೀಮೆಯ ಮಾಗಡಿಯಂಥ ಊರುಗಳ ಹಿರಿಯರು ತಮ್ಮ ಪ್ರಾಯದಲ್ಲಿ ಕೇಳಿದ ರಾಜಕುಮಾರರ ಕಂಠದಲ್ಲಿ ಸದಾ ಒಂದು ಚಟಪಟ ಸದ್ದು ಬೆರೆತಿದ್ದುದಕ್ಕೆ ಕಾರಣ ಇದೇ. ಪಾರದರ್ಶಕ ಭಾಗದ ಮೇಲೆ ಕುಳಿತ ಧೂಳು ಬೆಳಕನ್ನು ಒಂದು ಕ್ಷಣ ತಡೆಯುತ್ತದೆ. ಕರಿಯ ಭಾಗದ ಮೇಲೆ ಬಿದ್ದ ಗೀರು ಒಂದು ಕ್ಷಣ ಬೆಳಕನ್ನು ಒಳಗೆ ಬಿಡುತ್ತದೆ. ದ್ಯುತಿಕೋಶಕ್ಕೆ ಧೂಳಾವುದು ಮಾತಾವುದು ಎಂಬ ವಿವೇಕವಿಲ್ಲವಾದುದರಿಂದ ಎರಡೂ ಚಟ್ ಎಂಬ ಶಬ್ದವಾಗಿಯೇ ಹೊರಬರುತ್ತವೆ. ಈ ದೋಷವನ್ನು ತಂತ್ರಜ್ಞರು ಮೊದಲೇ ಮುಂಗಂಡಿದ್ದರು. ಯಾರೂ ಮಾತನಾಡದ ಹೊತ್ತಿನಲ್ಲಿ ಪಾರದರ್ಶಕ ಭಾಗವನ್ನು ಎಳೆಯಂತೆ ಸಪುರಗೊಳಿಸುವ ಉಪಾಯವನ್ನು 1930ರ ದಶಕದಲ್ಲಿಯೇ ಅಳವಡಿಸಿಕೊಂಡಿದ್ದರು; ಕಿಟಕಿ ಕಿರಿದಾದಷ್ಟೂ ಅದರ ಮೇಲೆ ಕೂರುವ ಧೂಳೂ ಕಡಿಮೆ, ಮೌನವೂ ಹೆಚ್ಚು ಶುದ್ಧ.

ಫಿಲ್ಮು ಹರಿದಾಗ ಆಗುವ ನಷ್ಟವು ಇದಕ್ಕಿಂತ ವಿಚಿತ್ರವಾದುದು. ಪ್ರೊಜೆಕ್ಟರಿನಲ್ಲಿ ಚಿತ್ರವು ಬೆಳಗುವ ಕಿಂಡಿಯೂ ಧ್ವನಿಯನ್ನು ಓದುವ ಸೀಳೂ ಒಂದೇ ಕಡೆಯಲ್ಲಿ ಇರಲಾರವು. ಚಿತ್ರವು ಕಿಂಡಿಯಲ್ಲಿ ಸೆಕೆಂಡಿಗೆ 24 ಸಲ ನಿಂತು ನಿಂತು ಸಾಗಬೇಕು, ಧ್ವನಿಯಾದರೋ ನಡುಗದೆ ತಡೆಯದೆ ಹರಿಯಬೇಕು. ಆದಕಾರಣ ಒಂದು ಚಿತ್ರಕ್ಕೆ ಸಲ್ಲಬೇಕಾದ ಧ್ವನಿಯನ್ನು ಫಿಲ್ಮಿನ ಮೇಲೆ 21 ಚೌಕಟ್ಟುಗಳಷ್ಟು, ಅಂದರೆ ಸುಮಾರು 40 ಸೆಂಟಿಮೀಟರು, ಮುಂಚಿತವಾಗಿ ಅಚ್ಚು ಮಾಡಿರುತ್ತಾರೆ. ಹರಿದ ಜಾಗದಲ್ಲಿ ಆಪರೇಟರು ನಾಲ್ಕಾರು ಚೌಕಟ್ಟುಗಳನ್ನು ಕತ್ತರಿಸಿ ಬಿಸುಟು ಅಂಟು ಹಾಕಿದನೆಂದರೆ, ಹೋದ ಚಿತ್ರವು ಈ ಕ್ಷಣದ್ದು, ಹೋದ ಧ್ವನಿಯು ಸುಮಾರು 0.9 ಸೆಕೆಂಡಿನ ಅನಂತರದ್ದು. ನಾಯಕಿಯ ಮುಖ ಇಲ್ಲಿ ಜಿಗಿದರೆ, ಅವಳ ಮಾತಿನ ಅಕ್ಷರ ಕಾಣೆಯಾಗುವುದು ಅಲ್ಲಿ. ಪುನಃಸ್ಥಾಪನೆಯ ಕೆಲಸದಲ್ಲಿ ತೊಡಗಿದವರು ಚಿತ್ರದ ಗಾಯವನ್ನು ಒಂದು ಪ್ರಿಂಟಿನಿಂದಲೂ ಧ್ವನಿಯ ಗಾಯವನ್ನು ಇನ್ನೊಂದರಿಂದಲೂ ತುಂಬಿಸಬೇಕಾಗಿ ಬರುವುದು, ಒಂದೇ ಚಿತ್ರದ ಹಲವು ಪ್ರಿಂಟುಗಳನ್ನು ದೇಶ ದೇಶಗಳಲ್ಲಿ ಹುಡುಕುವುದು ಈ ಕಾರಣದಿಂದ. ಇದಲ್ಲದೆ ಅಂಟು ಹಾಕಿದ ಜಾಗದಲ್ಲಿ ಒಮ್ಮೆಲೆ ಬೆಳಕು ನುಗ್ಗಿ ಢಬ್ಬೆಂದು ಸದ್ದಾಗದಿರಲೆಂದು ಧ್ವನಿಪಥದ ಮೇಲೆ ಮಸಿಯಿಂದ ಮುಕ್ಕೋನದ ಗುರುತನ್ನು ಬಳಿಯುವ ರೂಢಿಯೊಂದಿತ್ತು. ಆ ಮಸಿಯ ಅಡಿಯಲ್ಲಿ ಇದ್ದಷ್ಟು ನಾದವೂ ಹೋದಂತೆಯೇ.

ಇನ್ನು ಫಿಲ್ಮು ಮುದಿಯಾಗಿ ಕುಗ್ಗಿದಾಗ ಧ್ವನಿಪಥವು ತನ್ನ ದಾರಿಯಿಂದ ಕೊಂಚ ಪಕ್ಕಕ್ಕೆ ಸರಿಯುತ್ತದೆ. ಆಗ ದೀಪದ ಕಿರಣ ಅಂಚಿನ ರಂಧ್ರಗಳ ಮೇಲೆ ಬಿದ್ದು ಅವುಗಳನ್ನೂ ಓದತೊಡಗುತ್ತದೆ. ಚೌಕಟ್ಟಿಗೆ 4 ರಂಧ್ರ, ಸೆಕೆಂಡಿಗೆ 24 ಚೌಕಟ್ಟು. ಚಿತ್ರದ ಉದ್ದಕ್ಕೂ 96 ಹರ್ಟ್ಸಿನ ಗುಂಯ್‌ಗುಡುವಿಕೆಯೊಂದು ಅಂಟಿಕೊಳ್ಳುತ್ತದೆ. ಹಳೆಯ ಪ್ರಿಂಟಿನ ಶಬ್ದವನ್ನು ಪರೀಕ್ಷಿಸುವವರು ಕಂಪನಾಂಕವನ್ನು ಅಳೆದೇ ದೋಷವೆಲ್ಲಿದೆಯೆಂದು ಹೇಳಬಲ್ಲರು: 96 ಆದರೆ ರಂಧ್ರದ ಕಡೆಗೆ ಸರಿದಿದೆ, 24 ಆದರೆ ಚಿತ್ರದ ಕಡೆಗೆ. ಇಷ್ಟು ನಿಯತವಾದ ದೋಷವನ್ನು ತೆಗೆಯುವುದು ಸುಲಭ.

ಸುಲಭವಲ್ಲದ ಪ್ರಶ್ನೆಯೆಂದರೆ, ಯಾವುದನ್ನು ಮೂಲವೆಂದು ಹಿಡಿಯಬೇಕು ಎಂಬುದು. 1950ರ ದಶಕದಿಂದೀಚೆಗೆ ಮಾತು, ಸಂಗೀತ, ಇತರ ಸದ್ದುಗಳನ್ನು ಮೊದಲು ಕಾಂತೀಯ ಪಟ್ಟಿಯ ಮೇಲೆ ಮುದ್ರಿಸಿ, ಬೆರಸಿ, ಅನಂತರ ಬೆಳಕಿನ ಪಥಕ್ಕೆ ಇಳಿಸುತ್ತಿದ್ದರು. ಆ ಕಾಂತೀಯ ಪಟ್ಟಿ ಉಳಿದಿದ್ದರೆ ಅದೇ ಉತ್ತಮ. ಆದರೆ ಅದು ಅಳಿಸಿ ಮತ್ತೆ ಬಳಸಬಹುದಾದ ಪದಾರ್ಥವಾದ್ದರಿಂದ ಮಿತವ್ಯಯದ ಕಾಲದಲ್ಲಿ ಅಳಿಸಲ್ಪಡುವುದು ಸಹಜವಾಗಿತ್ತು. ಉಳಿದದ್ದಾದರೂ ಅಸಿಟೇಟಿನ ಹಾಳೆ ಕೊಳೆತು ಅಸಿಟಿಕ್ ಆಮ್ಲವನ್ನು ಬಿಡುತ್ತ, ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡೇ ಆ ಕೊಳೆತಕ್ಕೆ ಪ್ರೇರಕವಾಗಿ, ಡಬ್ಬ ತೆರೆದೊಡನೆ ಹುಳಿವಾಸನೆ ಮುಖಕ್ಕೆ ಹೊಡೆಯುವ ಸ್ಥಿತಿಗೆ ಬಂದಿರುತ್ತದೆ. ಎರಡನೆಯದು ಧ್ವನಿಯ ನೆಗೆಟಿವ್. ಇದು ಪ್ರಿಂಟಿನಂತೆ ಪ್ರೊಜೆಕ್ಟರಿನಲ್ಲಿ ಓಡಿ ಸವೆದುದಲ್ಲವಾದ್ದರಿಂದ ಶುದ್ಧವಾಗಿರುತ್ತದೆಂದು ಯಾರಾದರೂ ನಿರೀಕ್ಷಿಸುವುದು ನ್ಯಾಯವೇ. ಆದರೆ ಅದನ್ನು ನೇರವಾಗಿ ಓದಿ ಕೇಳಿದರೆ ‘ಸ’ಕಾರಗಳೆಲ್ಲ ಹರಿದ ಬಟ್ಟೆಯಂತೆ ಬಿರಿದು ಕೇಳುತ್ತವೆ. ಏಕೆಂದರೆ ಬೆಳಕು ಫಿಲ್ಮಿನ ಲೇಪದೊಳಗೆ ಹೊಕ್ಕಾಗ ಅಕ್ಕಪಕ್ಕಕ್ಕೆ ಕೊಂಚ ಹರಡಿಕೊಳ್ಳುತ್ತದೆ. ಹಾಗೆ ಹರಡಿದಾಗ ಅತಿಸೂಕ್ಷ್ಮವಾದ ಅಲೆಗಳ ಕಣಿವೆಗಳು ತುಂಬಿಹೋಗುತ್ತವೆ. ಹಳೆಯ ಪ್ರಯೋಗಾಲಯಗಳವರು ಈ ಹರವನ್ನು ತಪ್ಪಿಸಲು ಹೋಗದೆ, ನೆಗೆಟಿವ್‌ನಲ್ಲಿ ಆದ ಹರವನ್ನು ಪ್ರಿಂಟಿನಲ್ಲಿ ಆಗುವ ಎದುರು ಹರವು ಸರಿಯಾಗಿ ಕಳೆಯುವಂತೆ ಬೆಳಕಿನ ಪ್ರಮಾಣವನ್ನು ಗೊತ್ತುಪಡಿಸುತ್ತಿದ್ದರು. ಎರಡು ದೋಷಗಳು ಒಂದನ್ನೊಂದು ನುಂಗಿ ನಿರ್ದೋಷವಾಗುವ ಏರ್ಪಾಡು ಅದು. ಅರ್ಧದಾರಿಯಲ್ಲಿ ನಿಂತ ನೆಗೆಟಿವನ್ನೇ ಓದುವುದಾದರೆ ಉಳಿದ ಅರ್ಧವನ್ನು ಗಣಿತದಿಂದ ತುಂಬಬೇಕು.

ಹೀಗಾಗಿ ಸವೆದ ಪ್ರಿಂಟೇ ಅನೇಕ ವೇಳೆ ಧ್ವನಿಗೆ ಆಸರೆಯಾಗುತ್ತದೆ. ನಮ್ಮ ಗಿರೀಶ ಕಾರ್ನಾಡರು ಮುಖ್ಯ ಪಾತ್ರ ವಹಿಸಿದ, ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಕೂಡಿಸಿ ನಿರ್ಮಿಸಿದ, ಶ್ಯಾಮ್ ಬೆನೆಗಲರ ‘ಮಂಥನ್’ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನಃಸ್ಥಾಪಿಸಿ 2024ರಲ್ಲಿ ಕಾನ್ ಉತ್ಸವದಲ್ಲಿ ತೋರಿಸಿದಾಗ, ಅದರ ಚಿತ್ರಭಾಗವು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್‌ನಿಂದ ಬಂದಿತ್ತು. ಧ್ವನಿಯಾದರೋ ಚಿತ್ರಮಂದಿರಕ್ಕೆಂದು ತೆಗೆದ 35 ಮಿಲಿಮೀಟರಿನ ಪ್ರಿಂಟಿನಿಂದ ಬಂದಿತ್ತು. ಅದೇ ವರ್ಷ ವೆನಿಸ್ ಉತ್ಸವದ ಪ್ರಾಚೀನ ಚಿತ್ರಗಳ ವಿಭಾಗದಲ್ಲಿ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವು ಪುನಃಸ್ಥಾಪಿತ ರೂಪದಲ್ಲಿ ಪ್ರದರ್ಶನಗೊಂಡಿತು. ಕನ್ನಡದ ಚಿತ್ರವೊಂದಕ್ಕೆ ಈ ಗೌರವ ಸಂದುದು ನನಗೆ ಹೇಳತೀರದ ಸಂತೋಷವನ್ನು ಕೊಟ್ಟ ಸಂಗತಿ. ಬಿ. ವಿ. ಕಾರಂತರ ಸಂಗೀತವುಳ್ಳ ಆ ಚಿತ್ರದಲ್ಲಿ ಮೌನಕ್ಕೆ ಮಾತಿನಷ್ಟೇ ಪ್ರಾಮುಖ್ಯವಿದೆ. ಮೌನವೇ ಪ್ರಧಾನವಾದ ಚಿತ್ರದ ಧ್ವನಿಯನ್ನು ಶುದ್ಧಗೊಳಿಸುವುದು ಗದ್ದಲದ ಚಿತ್ರವನ್ನು ಶುದ್ಧಗೊಳಿಸುವುದಕ್ಕಿಂತ ಎಷ್ಟೋ ಕಷ್ಟ, ಏಕೆಂದರೆ ಗದ್ದಲದಲ್ಲಿ ಅಡಗುವ ಚಟಪಟವು ಮೌನದಲ್ಲಿ ಅಡಗಲಾರದು.

ಶುದ್ಧಗೊಳಿಸುವುದೆಂದರೆ ಈಗ ಗಣಕದ ಕೆಲಸ. ಧ್ವನಿಪಥವನ್ನು ಸೆಕೆಂಡಿಗೆ 48,000 ಅಥವಾ 96,000 ಸಲ ಅಳೆದು ಸಂಖ್ಯೆಗಳಾಗಿ ಬರೆದುಕೊಂಡ ಮೇಲೆ, ಚಟ್ ಎಂದ ಜಾಗಗಳನ್ನು ಗುರುತಿಸಿ, ಅದರ ಹಿಂದುಮುಂದಿನ ಅಲೆಗಳು ಸಾಗುತ್ತಿದ್ದ ರೀತಿಯಿಂದ ಅಲ್ಲಿ ಏನಿದ್ದಿರಬೇಕೆಂದು ಊಹಿಸಿ ತುಂಬುವುದು ಒಂದು ಕ್ರಮ. ಸೆಕೆಂಡಿನ ಸಾವಿರದ ಕೆಲವೇ ಪಾಲುಗಳಷ್ಟು ಬಿರುಕನ್ನು ಹೀಗೆ ತುಂಬಿದರೆ ಎಂಥ ಕಿವಿಗೂ ತಿಳಿಯದು. ಸುಯ್ ಎಂಬ ಹಿನ್ನೆಲೆಯ ಶಬ್ದವನ್ನು ಇಳಿಸುವ ಕ್ರಮವೇ ಬೇರೆ. ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಶಾಖದ ಹರಿವನ್ನು ಕುರಿತು ಚಿಂತಿಸುತ್ತ ಕಂಡುಕೊಂಡ ವಿಧಾನದಂತೆ, ಧ್ವನಿಯನ್ನು ಅದರ ಘಟಕ ಕಂಪನಗಳಾಗಿ ಬಿಡಿಸಿ, ಯಾರೂ ಮಾತನಾಡದ ಒಂದು ತುಣುಕಿನಲ್ಲಿ ಯಾವ ಕಂಪನಗಳು ಎಷ್ಟಿವೆಯೆಂದು ಅಳೆದು, ಅಷ್ಟನ್ನು ಚಿತ್ರದ ಉದ್ದಕ್ಕೂ ಕಳೆಯುತ್ತಾರೆ. ಇದರ ಹಿಂದಿರುವ ಗೃಹೀತವನ್ನು ಓದುಗರು ಚೆನ್ನಾಗಿ ಗಮನಿಸಬೇಕು: ಬದಲಾಗುವುದು ಮಾತು ಸಂಗೀತಗಳು, ಬದಲಾಗದೆ ಒಂದೇ ಸಮನೆ ಇರುವುದು ಕಸ.

ಈ ಗೃಹೀತವು ತಂಬೂರಿಯನ್ನು ಕಂಡಿಲ್ಲ. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಇರುವುದು ಕಸವಲ್ಲ, ಅದು ಆಧಾರಶ್ರುತಿ. ಉಳಿದ ಸ್ವರಗಳೆಲ್ಲ ಅರ್ಥ ಪಡೆಯುವುದು ಅದರಿಂದ. ಅದಕ್ಕೂ ಮಿಗಿಲಾಗಿ, ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆಯನ್ನು ಸರಿಸಿ ‘ಜವಾರಿ’ ಕೂಡಿಸಿದಾಗ ತಂಬೂರಿಯು ಮೂಲಸ್ವರಕ್ಕಿಂತ ಬಹಳ ಮೇಲಿನ ಅನುಸ್ವರಗಳನ್ನು ಹೇರಳವಾಗಿ ಸೂಸುತ್ತದೆ. ಸಿ. ವಿ. ರಾಮನ್ನರು 1921ರಲ್ಲಿ ಇದನ್ನು ಪರಿಶೀಲಿಸಿ, ತಂತಿಯನ್ನು ಮೀಟಿದ ಬಿಂದುವಿನಲ್ಲಿ ಸ್ಥಿರವಾಗಿರಬೇಕಾದ ಕಂಪನಗಳು ಹುಟ್ಟಲಾರವೆಂಬ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ನಿಯಮವನ್ನು ವೀಣೆ ತಂಬೂರಿಗಳು ಪಾಲಿಸುವುದಿಲ್ಲವೆಂದು ತೋರಿಸಿದರು. ಆ ಮೇಲಿನ ಅನುಸ್ವರಗಳ ನೆಲೆಯೂ ಫಿಲ್ಮಿನ ಸುಯ್ಗುಡುವಿಕೆಯ ನೆಲೆಯೂ ಒಂದೇ. ಸಂಗೀತದ ಆರಂಭದ ಮುನ್ನ ತಂಬೂರಿ ಮಾತ್ರ ನುಡಿಯುತ್ತಿರುವ ನಾಲ್ಕು ಸೆಕೆಂಡುಗಳನ್ನು ಅವಸರದ ತಂತ್ರಜ್ಞನೊಬ್ಬ ಕಸದ ಮಾದರಿಯೆಂದು ಗಣಕಕ್ಕೆ ಕೊಟ್ಟನೆಂದರೆ, ಅವನ ಗಣಕವು ಗಾಯಕನ ಬೆನ್ನ ಹಿಂದಿನ ತಂಬೂರಿಯನ್ನು ಇಡೀ ಚಿತ್ರದಿಂದ ಎತ್ತಿ ಹೊರಗೆ ಹಾಕುತ್ತದೆ. ಮಾಗಡಿಯ ಕೆರೆಯಂಚಿನಲ್ಲಿ ಚಳಿಗಾಲದ ಬೆಳಗಿನ ಧ್ವನಿಮುದ್ರಣ ಮಾಡಿದವನಿಗೂ ಇದೇ ಗತಿ. ಹಿಮಾಲಯದಾಚೆಯಿಂದ ಬಂದು ಅಲ್ಲಿ ತಂಗುವ ಪಟ್ಟೆತಲೆಯ ಹೆಬ್ಬಾತುಗಳ ಸಾವಿರಾರು ಕಂಠಗಳು ದೂರದಿಂದ ಕೂಡಿ ಒಂದೇ ಹರವಾದ ಸದ್ದಾಗಿರುತ್ತವೆ, ಅದನ್ನು ಕಸವೆಂದು ಕಳೆಯಲು ಗಣಕಕ್ಕೆ ಯಾವ ಸಂಕೋಚವೂ ಇಲ್ಲ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತದ್ದು ಆ ಹಕ್ಕಿಗಳಿಂದಾಗಿ. ಯಾವುದು ಕಸವೆಂದು ಹೇಳಬೇಕಾದವನು ಮನುಷ್ಯ, ಅದೂ ಆ ನೆಲದ ಶಬ್ದಗಳನ್ನು ಬಲ್ಲ ಮನುಷ್ಯ.

ನಮ್ಮ ಸೀಮೆಗೆ ಹತ್ತಿರದ ಉದಾಹರಣೆಯೊಂದನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಅನಕೃ ಅವರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ತೆರೆಗೆ ಬಂದ ‘ಸಂಧ್ಯಾರಾಗ’ದಲ್ಲಿ ರಾಜಕುಮಾರರು ಅಭಿನಯಿಸಿದ್ದಾರೆ, ಅದರ ಹಾಡುಗಳಲ್ಲಿ ಪಂಡಿತ ಭೀಮಸೇನ ಜೋಶಿಯವರ ಕಂಠವೂ ಬಾಲಮುರಳೀಕೃಷ್ಣರ ಕಂಠವೂ ಇವೆ. ಭೀಮಸೇನರು 1922ರಲ್ಲಿ ಹುಟ್ಟಿದ ರೋಣವು ಇಂದಿನ ಗದಗ ಜಿಲ್ಲೆಯಲ್ಲಿದೆ. ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ಪ್ಲೇಟೊಂದನ್ನು ಕೇಳಿ ಮನಸೋತು, ಹನ್ನೊಂದರ ಹರೆಯದಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು, ಹಿಂದುಸ್ತಾನದ ಉತ್ತರವನ್ನೆಲ್ಲ ಅಲೆದು, ಕಡೆಗೆ ಲಕ್ಷ್ಮೇಶ್ವರಕ್ಕೆ ದೂರವಲ್ಲದ ಕುಂದಗೋಳದಲ್ಲಿ ಆ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ ನಿಂತರು. ಒಂದು ಮಹಾಕಂಠವು ರೂಪುಗೊಂಡದ್ದರ ಹಿಂದೆ, ಈಗಿನ ತಂತ್ರಜ್ಞರು ದೋಷಪೂರ್ಣವೆಂದು ಕರೆಯಬಹುದಾದ, ಚರಚರ ಸದ್ದಿನಿಂದ ತುಂಬಿದ ಒಂದು ಪ್ಲೇಟು ಇತ್ತು. ಆ ಬಾಲಕನ ಕಿವಿಯು ಚರಚರವನ್ನು ತಾನೇ ಬದಿಗಿಟ್ಟು ನಾದವನ್ನು ಮಾತ್ರ ತೆಗೆದುಕೊಂಡಿತು. ಕಿವಿಯ ಹಿಂದಿರುವ ಮೆದುಳು ಕಸವನ್ನು ಸೋಸುವುದರಲ್ಲಿ ಬಹು ನಿಪುಣ. ಆದರೆ ಕಳೆದುಹೋದ ಅನುಸ್ವರವನ್ನು ಸೃಷ್ಟಿಸಿಕೊಳ್ಳಲು ಅದಕ್ಕೂ ಸಾಧ್ಯವಿಲ್ಲ. ಆದಕಾರಣ, ಸಂದೇಹವಿರುವಲ್ಲಿ ಕಸವನ್ನು ಉಳಿಸುವುದೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಗೆ ಬಂದ ತಟ್ಟೆಗಳಲ್ಲಿ ಶ್ರುತಿಗೂ ಒಂದು ಅನ್ಯಾಯವಾಗಿದೆ. ನಮ್ಮ ದೇಶದ ದೂರದರ್ಶನವು ಪಾಲ್ ಎಂಬ ಪದ್ಧತಿಯನ್ನು ಒಪ್ಪಿಕೊಂಡಿತು; ಅದರಲ್ಲಿ ಸೆಕೆಂಡಿಗೆ 25 ಚಿತ್ರಗಳು. ಫಿಲ್ಮಿನಲ್ಲಿರುವುದು 24. ಆ ಒಂದು ಚಿತ್ರದ ವ್ಯತ್ಯಾಸವನ್ನು ಸರಿದೂಗಿಸಲು ರೂಢಿಯಲ್ಲಿದ್ದ ಸುಲಭೋಪಾಯವೆಂದರೆ ಚಿತ್ರವನ್ನೇ ಕೊಂಚ ಬೇಗ ಓಡಿಸುವುದು. ಹಾಗೆ ಮಾಡಿದ ತಟ್ಟೆಯಲ್ಲಿ 150 ನಿಮಿಷದ ಚಿತ್ರವು 144 ನಿಮಿಷದಲ್ಲಿ ಮುಗಿಯುತ್ತದೆ, ಎಲ್ಲ ಕಂಪನಗಳೂ ಶೇಕಡಾ 4ಕ್ಕೆ ಮಿಕ್ಕಿ ಏರುತ್ತವೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರ ಸುಮಾರು ಶೇಕಡಾ 6. ಆದುದರಿಂದ ಕರಿ ಒಂದರಲ್ಲಿ ಹಾಡಿದ ಹಾಡು ಬಿಳಿ ಎರಡರ ಕಡೆಗೆ ಮುಕ್ಕಾಲು ದಾರಿ ನಡೆದು ಅಲ್ಲಿಗೂ ಮುಟ್ಟದೆ ನಿಲ್ಲುತ್ತದೆ. ಪೆಟ್ಟಿಗೆಯ ಯಾವ ಮನೆಗೂ ಕೂಡದ ಈ ಶ್ರುತಿಯನ್ನು ಕೇಳಿದ ಸಂಗೀತದ ವಿದ್ಯಾರ್ಥಿಗೆ ತನ್ನ ಹಾರ್ಮೋನಿಯಮ್ಮೇ ತಪ್ಪಿರಬೇಕೆಂದು ಅನುಮಾನ ಬರುವುದು ಸಹಜ. ವೇಗ ಏರಿದಾಗ ಕಂಠದ ತೂಕವೂ ಇಳಿಯುತ್ತದೆ. ಎದೆಯಿಂದ ಎದ್ದ ಮಂದ್ರದ ದನಿ ಕೊಂಚ ತೆಳ್ಳಗಾಗಿ, ಗಾಯಕ ಕಿರಿಯನಾದಂತೆ ಕೇಳಿಸುತ್ತದೆ. ಬ್ಲೂರೇ ತಟ್ಟೆಯು 24 ಚಿತ್ರಗಳ ವೇಗವನ್ನು ಇದ್ದಂತೆಯೇ ಉಳಿಸಿಕೊಳ್ಳಬಲ್ಲುದಾದ್ದರಿಂದ ಈ ದೋಷಕ್ಕೆ ಇಂದು ಪರಿಹಾರವಿದೆ.

ಇದಕ್ಕಿಂತ ಸೂಕ್ಷ್ಮವಾದ, ತಜ್ಞರೂ ಎಡವುವ ವಿಷಯವೊಂದಿದೆ. 1938ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯು, ಧ್ವನಿಪಥದ ಸುಯ್ಗುಡುವಿಕೆಯನ್ನು ಅಡಗಿಸುವ ಸಲುವಾಗಿ, ಚಿತ್ರಮಂದಿರಗಳ ಸ್ಪೀಕರುಗಳು ಮೇಲಿನ ಕಂಪನಗಳನ್ನು ಎಷ್ಟೆಷ್ಟು ತಗ್ಗಿಸಿ ನುಡಿಯಬೇಕೆಂದು ಒಂದು ವಕ್ರರೇಖೆಯನ್ನು ಗೊತ್ತುಪಡಿಸಿತು. ಅದರಂತೆ 5000 ಹರ್ಟ್ಸಿನ ನಾದವು 10 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. 8000ದಲ್ಲಿ 18 ಡೆಸಿಬೆಲ್, ಅರವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಚಿತ್ರಮಂದಿರವು ಹೀಗೆ ತಗ್ಗಿಸುತ್ತದೆಂದು ಬಲ್ಲ ಧ್ವನಿಗ್ರಾಹಕರು, ಮಾತು ಸ್ಪಷ್ಟವಾಗಿರಲೆಂದು, ಮೇಲಿನ ಕಂಪನಗಳನ್ನು ಮುಂಚೆಯೇ ಏರಿಸಿ ಫಿಲ್ಮಿಗೆ ಇಳಿಸುತ್ತಿದ್ದರು. ಆ ಧ್ವನಿಪಥವನ್ನು ಇಂದಿನ ಮನೆಯ ಸ್ಪೀಕರಿನಲ್ಲಿ, ಯಾವುದನ್ನೂ ತಗ್ಗಿಸದೆ, ಹಾಗೆಯೇ ನುಡಿಸಿದರೆ ಏನಾಗುವುದೆಂದು ಊಹಿಸಬಹುದು. ಮಾತು ಕೀರಲಾಗುತ್ತದೆ, ಪಿಟೀಲು ಕಿವಿಯನ್ನು ಇರಿಯುತ್ತದೆ, ಸುಯ್ ಎಂಬುದು ಎದ್ದು ಕುಣಿಯುತ್ತದೆ. ಇದನ್ನು ಕೇಳಿ ಹಳೆಯ ಕಾಲದವರಿಗೆ ಧ್ವನಿಗ್ರಹಣ ಬರುತ್ತಿರಲಿಲ್ಲವೆಂದು ತೀರ್ಮಾನಿಸಿ, ಗಣಕವನ್ನು ಹಚ್ಚಿ ತಿಕ್ಕಿ ತೊಳೆದು, ಕಡೆಗೆ ನೀರಿನೊಳಗಿನಿಂದ ಬಂದಂತೆ ಕೇಳುವ ಧ್ವನಿಯನ್ನು ತಟ್ಟೆಗೆ ಹಾಕಿ ಕಳಿಸುವುದುಂಟು. ಅಲ್ಲಿ ಬೇಕಾದದ್ದು ತೊಳೆಯುವುದಲ್ಲ, ಅಂದಿನ ಚಿತ್ರಮಂದಿರ ಮಾಡುತ್ತಿದ್ದ ತಗ್ಗಿಸುವಿಕೆಯನ್ನು ನಾವೂ ಮಾಡುವುದು. ಮೂಲಧ್ವನಿಯೆಂದರೆ ಫಿಲ್ಮಿನ ಮೇಲಿರುವ ರೇಖೆಯಷ್ಟೇ ಅಲ್ಲ. ಆ ರೇಖೆ ಯಾವ ಸಭಾಂಗಣದಲ್ಲಿ ಹೇಗೆ ನುಡಿಯಲೆಂದು ಅದನ್ನು ಬೆರಸಿದಾತ ಬಗೆದಿದ್ದನೋ ಅದೂ ಅದರಲ್ಲಿ ಸೇರಿದೆ.

ಶುದ್ಧೀಕರಣದಿಂದ ಮುಂದೆ ಹೋಗಿ, ಧ್ವನಿಯನ್ನು ಹೊಸದಾಗಿ ಕಟ್ಟುವ ಉತ್ಸಾಹವೂ ಲೋಕದಲ್ಲಿ ಬೆಳೆದಿದೆ. ಹಿಚ್‌ಕಾಕನ 1958ರ ‘ವರ್ಟಿಗೊ’ವನ್ನು 1996ರಲ್ಲಿ ನವೀಕರಿಸಿದಾಗ ಹೆಜ್ಜೆಸಪ್ಪಳ, ಬಾಗಿಲಿನ ಸದ್ದು ಮೊದಲಾದವನ್ನು ಹೊಸದಾಗಿ ಮಾಡಿ ಸೇರಿಸಿದರು, ರಸಿಕರು ಆಕ್ಷೇಪಿಸಿದರು, ಅನಂತರದ ತಟ್ಟೆಗಳಲ್ಲಿ ಮೂಲದ ಮೋನೋ ಧ್ವನಿಪಥವನ್ನೂ ಜೊತೆಗಿಟ್ಟರು. 2004ರಲ್ಲಿ ‘ಮುಘಲ್-ಎ-ಆಜಮ್’ ಬಣ್ಣ ತಳೆದು ಬಂದಾಗ, ಹಳೆಯ ಕಂಠಗಳನ್ನು ಉಳಿಸಿಕೊಂಡು ವಾದ್ಯಮೇಳವನ್ನು ಹೊಸದಾಗಿ ನುಡಿಸಿದರಾದರೂ ಆಗ ಸಂಗೀತ ನಿರ್ದೇಶಕ ನೌಷಾದರೇ ಜೀವಂತರಾಗಿದ್ದು ಕೈಹಾಕಿದ್ದರಿಂದ ಅದಕ್ಕೊಂದು ಸಮ್ಮತಿಯಿತ್ತು. ಕನ್ನಡದಲ್ಲಿ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣ ತೊಟ್ಟು ಮರಳಿದವು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 2018ರಲ್ಲಿ 7.1 ಧ್ವನಿಯೊಂದಿಗೆ ಮತ್ತೆ ತೆರೆಕಂಡಿತು. ಇವುಗಳಿಂದ ಹೊಸ ಪೀಳಿಗೆಯವರು ಹಳೆಯ ಚಿತ್ರಗಳತ್ತ ಬಂದರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ನಾಗರಹಾವು’ ಚಿತ್ರದ ಧ್ವನಿಯನ್ನು 1972ರಲ್ಲಿ ಬೆರಸಿದವರು ತೆರೆಯ ಹಿಂದಿನ ಒಂದೇ ಸ್ಪೀಕರನ್ನು ಬಗೆದು ಬೆರಸಿದ್ದರು. ಮಾತು ಕೇಳುವಾಗ ವಾದ್ಯ ಎಷ್ಟು ಹಿಂದೆ ಸರಿಯಬೇಕು, ಎಲ್ಲಿ ಎದ್ದು ಬರಬೇಕು ಎಂಬ ತೂಕವೆಲ್ಲ ಆ ಒಂದರೊಳಗಿನ ತೂಕ. ಅದನ್ನು 7.1ರ ಎಂಟು ಸ್ಪೀಕರುಗಳಿಗೆ ಹಂಚಿದಾಗ ಆ ತೂಕ ಅದೇ ಆಗಿ ಉಳಿಯದು. ಅಂದಿನ ಹಾಡುಗಳಲ್ಲಿ ಗಾಯಕರೂ ವಾದ್ಯದವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಕೂತು ಒಂದೇ ಪಥದಲ್ಲಿ ಮುದ್ರಿತರಾಗುತ್ತಿದ್ದುದೂ ಉಂಟು. ಕಂಠದ ಮೇಲೆ ತಬಲದ ಪ್ರತಿಧ್ವನಿಯೂ ತಬಲದ ಮೇಲೆ ಕಂಠದ ನೆರಳೂ ಬಿದ್ದಿರುತ್ತವೆ. ಬೀಟಲ್ಸರ ಹಳೆಯ ಮೋನೋ ಮುದ್ರಣಗಳಿಂದ ಕಂಠ ವಾದ್ಯಗಳನ್ನು ಬೇರ್ಪಡಿಸಿ 2021ರ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರಕ್ಕೆ ಬಳಸಿದ ಕಲಿಯುವ ಯಂತ್ರಗಳ ವಿದ್ಯೆಯಿಂದ ಇಂದು ಅವನ್ನೂ ಬಿಡಿಸಬಹುದು. ಅದು ಅದ್ಭುತವೇ. ಆದರೆ ಬಿಡಿಸಿದ ಮೇಲೆ ದೊರೆಯುವುದು ಯಂತ್ರವು ಹೀಗಿದ್ದಿರಬೇಕೆಂದು ಊಹಿಸಿದ ಕಂಠ, ಊಹಿಸಿದ ತಬಲ. ಅವರು ಒಟ್ಟಿಗೆ ಕೂತಿದ್ದ ಆ ಕೋಣೆಯು ಎರಡರಲ್ಲಿಯೂ ಇರುವುದಿಲ್ಲ.

ಹೊಸ ಬೆರಕೆ ಇರಬಾರದೆಂದು ನಾನು ಹೇಳುತ್ತಿಲ್ಲ. ಹಳೆಯದನ್ನು ಹೊರಗಿಟ್ಟು ಅದು ಒಳಗೆ ಬರಬಾರದು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ, ಕನ್ನಡವು ತೆರೆಯ ಮೇಲೆ ಮೊದಲು ಹೇಗೆ ಮಾತನಾಡಿತೆಂಬುದನ್ನು ಕೇಳುವ ಭಾಗ್ಯ ನಮಗಿಲ್ಲ. ಪುಣೆಯ ಫಿಲ್ಮು ಉಗ್ರಾಣದಲ್ಲಿ 2003ರಲ್ಲಿ ಹತ್ತಿದ ಬೆಂಕಿಯಲ್ಲಿ ಹಳೆಯ ನೈಟ್ರೇಟ್ ಫಿಲ್ಮುಗಳು ಸುಟ್ಟುಹೋದವು. ಹೀಗೆ ಕಳೆದುಹೋದವುಗಳ ನಡುವೆ ಹೇಗೋ ಉಳಿದುಬಂದ ಧ್ವನಿಪಥವನ್ನು ಕೈಯಾರೆ ಬದಿಗೊತ್ತಿ, ಅದರ ಜಾಗದಲ್ಲಿ ಹೊಸದನ್ನು ಮಾತ್ರ ಇಡುವುದಕ್ಕೆ ಯಾವ ಸಮರ್ಥನೆಯೂ ಇರಲಾರದು. ಸ್ಥಳದ ಅಭಾವವಂತೂ ಸಮರ್ಥನೆಯಲ್ಲ. ಮೋನೋ ಧ್ವನಿಯನ್ನು ಯಾವ ಸಂಕೋಚನವೂ ಇಲ್ಲದೆ, ಸೆಕೆಂಡಿಗೆ 48,000 ಅಳತೆಗಳಂತೆ, ಪ್ರತಿ ಅಳತೆಗೆ 24 ಬಿಟ್ಟುಗಳಂತೆ ಬರೆದರೆ, ಎರಡೂವರೆ ಗಂಟೆಯ ಚಿತ್ರಕ್ಕೆ ಬೇಕಾಗುವುದು ಸುಮಾರು 1.3 ಗಿಗಾಬೈಟು. ಎರಡು ಪದರದ ಬ್ಲೂರೇ ತಟ್ಟೆಯೊಂದು 50 ಗಿಗಾಬೈಟುಗಳನ್ನು ಹಿಡಿಯುತ್ತದೆ. ಕನ್ನಡದ ಹಳೆಯ ಚಿತ್ರವೊಂದನ್ನು ಇನ್ನು ಮುಂದೆ ಯಾರು ತಟ್ಟೆಗೆ ತಂದರೂ, ಹೊಸ ಧ್ವನಿಯ ಪಕ್ಕದಲ್ಲಿ ಆ 1.3 ಗಿಗಾಬೈಟಿಗೆ ಎಡೆಮಾಡಿ, 24 ಚಿತ್ರಗಳ ನಿಜವಾದ ವೇಗದಲ್ಲಿ, ಅಕಾಡೆಮಿಯ ರೇಖೆಗೆ ಅನುಸಾರವಾಗಿ, ತಂಬೂರಿಯನ್ನು ತಂಬೂರಿಯಾಗಿಯೇ ಬಿಟ್ಟು ಮೂಲಧ್ವನಿಯನ್ನು ಇರಿಸಬೇಕೆಂದೂ, ಅದು ಯಾವ ಪ್ರಿಂಟಿನಿಂದ ಅಥವಾ ಯಾವ ನೆಗೆಟಿವ್‌ನಿಂದ ಬಂದುದೆಂಬುದನ್ನು ತಟ್ಟೆಯ ಹೊದಿಕೆಯ ಮೇಲೆ ಅಚ್ಚು ಹಾಕಿಸಬೇಕೆಂದೂ ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.